ಅಶ್ವತ್ಥಕಟ್ಟೆಯಲ್ಲಿಟ್ಟ ಯಲ್ಲಮ್ಮ

ಶನಿವಾರ ಮಧ್ಯಾಹ್ನ ವಿಮಾನಪುರದ ನಮ್ಮ ಮನೆಯ ವರಾಂಡದಲ್ಲಿ ಮಕ್ಕಳಿಗೆ ಚಿತ್ರ ಕಲಿಸುತ್ತೇನೆ. ಮದುವೆಗೆ ಮುಂಚೆ ಚಿತ್ರಕಲಾ ಶಾಲೆಗೆ ಹೋಗುತ್ತಿದ್ದವಳು ನಾನು. ಆ ವಿದ್ಯೆ ಒಲೆಯ ಮುಂದೆ ಆರಿಹೋಗದೆ ಉಳಿದದ್ದು ದೇವರ ದಯೆ. ಯಜಮಾನರು ಉಂಡು ಮಲಗಿದ ಮೇಲೆ ಸ್ವಲ್ಪ ಹೊತ್ತು ನನ್ನದೇ ಅಂತ ಸಿಗುತ್ತದಲ್ಲ, ಅದೂ ದಯೆಯೇ.

ಈ ವರ್ಷ ದೊಡ್ಡ ಮಕ್ಕಳಿಗೆ ಕ್ಯೂಬಿಸಂ ಹೇಳಿಕೊಡೋಣ ಎನಿಸಿತು. ಹೆಸರು ಕೇಳಿಯೇ ಹೆದರಬಾರದೆಂದು ಅಡುಗೆಮನೆಯ ಹಿತ್ತಾಳೆ ತಂಬಿಗೆಯನ್ನು ತಂದು ನಡುವೆ ಇಟ್ಟೆ. ಕೂತರೆ ಅದರ ಹೊಟ್ಟೆ ಕಾಣುತ್ತದೆ, ಎದ್ದು ಬಗ್ಗಿದರೆ ದುಂಡನೆಯ ಬಾಯಿ, ಎತ್ತಿ ಹಿಡಿದರೆ ತಳ. ನೋಡಿದ್ದನ್ನೆಲ್ಲ ತುಂಡು ತುಂಡಾಗಿ ಒಂದೇ ಹಾಳೆಯಲ್ಲಿ ಕೂಡಿಸುವುದು ಅಂದೆ. ಮಕ್ಕಳು ತಂಬಿಗೆಗೆ ಪ್ರದಕ್ಷಿಣೆ ಹಾಕಿ ಬರೆದರು. ತನ್ನದು ಬಸ್ಸಿನ ಚಕ್ರಕ್ಕೆ ಸಿಕ್ಕಿದ ತಂಬಿಗೆಯ ಹಾಗಿದೆ ಎಂದು ಒಬ್ಬ ನಗಿಸಿದ. ಮನೆಯಲ್ಲಿ ದಿನಾ ನೋಡುವುದನ್ನು ಏನಾದರೂ ಹೀಗೇ ಬರೆದು ತನ್ನಿ ಎಂದು ಹೇಳಿ ಕಳಿಸಿದೆ.

ಮುಂದಿನ ವಾರ ಮಿಕ್ಸಿ, ಹೆಲ್ಮೆಟ್ಟು, ಅಪ್ಪನ ಬೂಟು ಎಲ್ಲ ಬಂದವು. ರಾಯಚೂರು ಕಡೆಯ ಹುಡುಗಿಯೊಬ್ಬಳಿದ್ದಾಳೆ. ಅವಳಪ್ಪ ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ, ಮನೆಯೆಂದರೆ ಬಾಡಿಗೆಯ ಒಂದು ಕೋಣೆ. ಅವಳು ತಂದದ್ದು ಆ ಕೋಣೆಯ ಹಲಗೆಯ ಮೇಲಿರುವ ಪುಟ್ಟ ಹಿತ್ತಾಳೆ ಯಲ್ಲಮ್ಮನ ಚಿತ್ರ. ಒಂದು ಕಣ್ಣು ಎದುರಿನದು, ಮೂಗು ಪಕ್ಕದ್ದು, ಪಾದಗಳು ಮುಖಕ್ಕಿಂತ ದೊಡ್ಡವು. ಕೆನ್ನೆಯ ನಡುವೆ ಚೂಪು ಗೆರೆಗಳು. ಉಳಿದವರೆಲ್ಲರಿಗಿಂತ ಅವಳದೇ ಚೆನ್ನಾಗಿದೆ ಎಂದು ನೋಡಿದ ಕ್ಷಣವೇ ನನಗೆ ಗೊತ್ತಾಗಿತ್ತು. ಬಾಯಿ ಮಾತ್ರ ಬೇರೆಯೇ ಆಡಿತು.

"ದೇವರನ್ನ ಹೀಗೆ ಭಿನ್ನ ಮಾಡ್ತಾರೇನಮ್ಮ? ಇದನ್ನ ಮನೇಲಿ ಇಟ್ಕೋಬೇಡ."

ನಮ್ಮಲ್ಲಿ ದೇವರ ಪಟದ ಗಾಜು ಬಿರುಕು ಬಿಟ್ಟರೂ ಅವತ್ತೇ ಅಶ್ವತ್ಥಕಟ್ಟೆಯಲ್ಲಿಟ್ಟು ಕೈಮುಗಿದು ಬರುತ್ತೇವೆ. ಆ ಅಭ್ಯಾಸವೇ ನಾಲಿಗೆಗೆ ಬಂದದ್ದು. ಹುಡುಗಿ ಹಾಳೆ ಸುತ್ತಿಕೊಂಡಳು.

ಮರುವಾರ ವರಾಂಡದ ಗೋಡೆಗೆ ಅಂಟಿಸಲು ಎಲ್ಲರ ಚಿತ್ರ ಕೇಳಿದೆ.

"ನಂದಿಲ್ರಿ ಟೀಚರ್," ಅಂದಳು. "ಮರದ ಕೆಳಗ ಇಟ್ಟು ಬಂದೀವ್ರಿ. ತಪ್ಪಾತಂತ ಅವ್ವ ಮಂಗಳವಾರ ಉಪವಾಸ ಮಾಡ್ಯಾಳ್ರಿ."

ನಾನು ಹೇಳಿಕೊಟ್ಟ ಪಾಠವನ್ನು ಮಗಳು ಸರಿಯಾಗಿ ಮಾಡಿದ್ದಕ್ಕೆ ತಾಯಿ ಹೊಟ್ಟೆ ಕಟ್ಟಿದ್ದಳು. ಆ ದಿನ ಮತ್ತೇನು ಕಲಿಸಿದೆನೋ ನೆನಪಿಲ್ಲ.

ಸಂಜೆ ಕಟ್ಟೆಗೆ ಹೋದೆ. ಗಾಜು ಒಡೆದ ವೆಂಕಟರಮಣ, ಬಣ್ಣ ಹೋದ ಲಕ್ಷ್ಮಿಯರ ಸಾಲಿನಲ್ಲಿ ಹಾಳೆ ಬೇರಿಗೆ ಒರಗಿತ್ತು. ಆ ವಾರ ಮಳೆ ಬರದೇ ಇದ್ದದ್ದು ಪುಣ್ಯ. ಒಂದು ಅಂಚಿಗೆ ಎಣ್ಣೆ ಹತ್ತಿತ್ತು ಅಷ್ಟೇ. ಕಟ್ಟೆಯಲ್ಲಿಟ್ಟದ್ದನ್ನು ಮನೆಗೆ ತರಬಾರದು ಅನ್ನುತ್ತಿದ್ದರು ನಮ್ಮತ್ತೆ. ತಾಯೀ ಕ್ಷಮಿಸು ಎಂದು ತಂದುಬಿಟ್ಟೆ.

ಮುಂದಿನ ಶನಿವಾರ ಹುಡುಗಿಗೆ ಕೊಡಲು ಹೋದರೆ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು. ಇಟ್ಟದ್ದನ್ನು ವಾಪಸ್ ತರಬಾರದಿತ್ತು ಎಂದಳು. ತಪ್ಪು ನನ್ನದು, ಇದು ಭಿನ್ನವಲ್ಲ, ನೀನು ಬರೆದದ್ದೇ ಸರಿ ಎಂದು ಎಷ್ಟೋ ಹೇಳಿದೆ. ಕೊನೆಗೆ, ಪಾದ ಅಷ್ಟು ದೊಡ್ಡದು ಯಾಕೆ ಎಂದು ಕೇಳಿದೆ.

"ನಾ ಹಲಗಿ ಕೆಳಗ ಮಲಗ್ತೀನ್ರಿ. ಅಲ್ಲಿಂದ ಆಕಿ ಪಾದನ ಮೊದಲ ಕಾಣ್ತಾವ." ಆಮೇಲೆ ಕೇಳಿದಳು, "ಭಿನ್ನ ಅಲ್ಲಂದ್ರ ನಿಮ್ಮ ದೇವರ ಮನ್ಯಾಗ ಇಡ್ತೀರೇನ್ರಿ?"

ತಕ್ಷಣ ಹೂಂ ಅನ್ನಬೇಕಿತ್ತು. "ನೋಡೋಣಮ್ಮ" ಅಂದೆ. ಅವಳು ತಲೆಯಾಡಿಸಿ ಪೆನ್ಸಿಲ್ ಚೂಪು ಮಾಡತೊಡಗಿದಳು.

ಈಗಲೂ ಪ್ರತಿ ಶನಿವಾರ ಬರುತ್ತಾಳೆ. ಬರುತ್ತಾಳಲ್ಲ, ಅದೇ ನನಗೆ ದೊಡ್ಡದು. ಕುರ್ಚಿ ಕೊಟ್ಟರೆ ಕುರ್ಚಿ, ಕುಂಬಳಕಾಯಿ ಕೊಟ್ಟರೆ ಕುಂಬಳಕಾಯಿ, ಎಲ್ಲವನ್ನೂ ಎದುರಿನಿಂದ ಮಾತ್ರ, ಅಚ್ಚುಕಟ್ಟಾಗಿ ಬರೆಯುತ್ತಾಳೆ. ಎದ್ದು ಸುತ್ತಿ ನೋಡುವುದಿಲ್ಲ. ನಾನೂ ಬಲವಂತ ಮಾಡುವುದಿಲ್ಲ, ಯಾವ ಮುಖ ಇಟ್ಟುಕೊಂಡು ಮಾಡಲಿ?

ಚಿತ್ರಕ್ಕೆ ಕಟ್ಟು ಹಾಕಿಸಿದೆ. ದೇವರ ಮನೆಯ ಗೋಡೆಗೆ ಮೊಳೆಯನ್ನೂ ಹೊಡೆಸಿದೆ. ಬೆಳಿಗ್ಗೆ ದೀಪ ಹಚ್ಚುವಾಗ ಬರಿಯ ಮೊಳೆ ಕಾಣುತ್ತದೆ. ಯಲ್ಲಮ್ಮ ಇನ್ನೂ ಬೀರುವಿನಲ್ಲೇ ಇದ್ದಾಳೆ.