ಬೂಟ್ ಲಾಗ್‌ನಿಂದ ನಾನು ಅಳಿಸಿದ ಸಾಲು

ಎರಡು ವರ್ಷಗಳ ಹಿಂದೆ ಹೆಬ್ಬಾಳದ ಒಂದು ಸಣ್ಣ ಕಂಪನಿಯಲ್ಲಿ ನಾನು ಹಾರ್ಡ್‌ವೇರ್ ನಡೆಸುವ ತಂತ್ರಾಂಶ, ಅಂದರೆ ಕರ್ನಲ್ ಡ್ರೈವರ್ ಬರೆಯುವ ತಂಡದ ಮುಖ್ಯಸ್ಥನಾಗಿದ್ದೆ. ನವಜಾತ ಶಿಶುಗಳನ್ನು ಬೆಚ್ಚಗಿಡುವ ವಾರ್ಮರ್‌ಗೆ ಕಂಟ್ರೋಲ್ ಬೋರ್ಡ್ ತಯಾರಾಗುತ್ತಿತ್ತು. ಅದರ ಪ್ರೊಸೆಸರ್‌ನಲ್ಲಿ ಎರಡು ಕೋರ್. ಒಂದರಲ್ಲಿ ಪರದೆ ನಡೆಸುವ ಲಿನಕ್ಸ್, ಇನ್ನೊಂದು ಹೀಟರ್ ನೋಡಿಕೊಳ್ಳುವುದಕ್ಕೆ. ಒಂದರ ಸಾಧನವನ್ನು ಇನ್ನೊಂದು ಮುಟ್ಟದಂತೆ ಚಿಪ್‌ನಲ್ಲೇ ಫೈರ್‌ವಾಲ್ ಎಂಬ ತಡೆಗೋಡೆ ಇರುತ್ತದೆ. ಯಂತ್ರ ಬೂಟ್ ಆಗುವಾಗ, ಅಂದರೆ ಶುರುವಾಗುವಾಗ, ಅದರ ಅನುಮತಿ ಕೇಳಿ, ಅನುಮತಿ ಸಿಗದ ಸಾಧನಗಳನ್ನು ಲಿನಕ್ಸ್‌ನಿಂದ ದೂರವಿಡುವುದು ನನ್ನ ಡ್ರೈವರ್‌ನ ಕೆಲಸ. ಆಗ ನಡೆದದ್ದು ಸಾಲುಸಾಲಾಗಿ ಲಾಗ್‌ನಲ್ಲಿ ದಾಖಲಾಗುತ್ತದೆ.

ಹೊಸ ಬೋರ್ಡ್‌ನಲ್ಲಿ ಉಷ್ಣಾಂಶ ಕಾಣಿಸಲೇ ಇಲ್ಲ, ಸೆನ್ಸರ್ ಸಿಗುತ್ತಿಲ್ಲ ಎಂದಿತು ಪರದೆ. ಬೋರ್ಡ್ ವಿನ್ಯಾಸ ಮಾಡಿದವಳು ಆರ್.ಟಿ. ನಗರದ ಶಬಾನಾ. ಅವಳ ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಮುಂದಿನ ವಿನ್ಯಾಸ ಹೊರಗಿನವರಿಗೆ ಕೊಡೋಣ ಎಂದು ಮ್ಯಾನೇಜರ್ ಹೇಳತೊಡಗಿದರು. ಅಂದರೆ ಅವಳ ಕೆಲಸ ಹೋದ ಹಾಗೆಯೇ.

"ಸರ್, ಸೆನ್ಸರ್ ಲೈನಲ್ಲಿ ಸಿಗ್ನಲ್ಲೇ ಬರ್ತಿಲ್ಲ. ನಿಮ್ ಕಡೆ ಒಂದ್ಸಲ ನೋಡ್ತೀರಾ?" ಎಂದು ಕೇಳಿದಳು.

"ನಮ್ ಕಡೆ ತೊಂದ್ರೆ ಇದ್ದಿದ್ರೆ ಲಾಗಲ್ಲಿ ಎರರ್ ಬರ್ತಿತ್ತಮ್ಮ. ಲಾಗ್ ಕ್ಲೀನಾಗಿದೆ. ಸೋಲ್ಡರಿಂಗ್ ನೋಡು," ಎಂದೆ.

ಪಾಪ, ನೋಡಿದಳು. ಸೆನ್ಸರ್ ಕಿತ್ತು ಹೊಸದು ಹಾಕಿದಳು, ಅದನ್ನೂ ಕಿತ್ತಳು. ಕಾವು ತಾಗಿ ಎರಡು ಬೋರ್ಡ್ ಹಾಳಾದವು. ಅದಕ್ಕೂ ಮೀಟಿಂಗ್‌ನಲ್ಲಿ ಬೈಸಿಕೊಂಡಳು. ನಾನು ಪಕ್ಕದಲ್ಲೇ ಲ್ಯಾಪ್‌ಟಾಪ್ ನೋಡುತ್ತ ಕುಳಿತಿದ್ದೆ.

ಆಮೇಲೊಂದು ದಿನ ಇನ್ನೇನನ್ನೋ ಹುಡುಕುವಾಗ ನನ್ನದೇ ಹಳೆಯ ಕಮಿಟ್, ಅಂದರೆ ಕೋಡ್ ಬದಲಾಯಿಸಿದ ದಾಖಲೆ, ಕಣ್ಣಿಗೆ ಬಿತ್ತು. ಬೂಟ್ ಬೇಗ ಆಗಲೆಂದು ಡ್ರೈವರ್ ಲಾಗ್‌ಗೆ ಬರೆಯುವ ಸಂದೇಶಗಳನ್ನೆಲ್ಲ ನಾನೇ ಅಳಿಸಿದ್ದೆ. 'ಅನುಮತಿ ಇಲ್ಲ' ಎನ್ನುವ ಸಾಲೂ ಅದರಲ್ಲೇ ಹೋಗಿತ್ತು. ಅದನ್ನು ಮತ್ತೆ ಸೇರಿಸಿ ಬೂಟ್ ಮಾಡಿದ ಕೂಡಲೇ ಗೊತ್ತಾಯಿತು: ಸೆನ್ಸರ್‌ನ ಸಿಗ್ನಲ್ ಸಾಗುವ ದಾರಿಯನ್ನು ನಾನೇ ತಪ್ಪಾಗಿ ಹೀಟರ್ ಕೋರ್‌ಗೆ ಬರೆದುಕೊಟ್ಟು ಲಿನಕ್ಸ್‌ಗೆ ಅನುಮತಿ ತಪ್ಪಿಸಿದ್ದೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸಿದವನು ನಾನು. ನಾಚಿಕೆಯಿಂದ ಮೈ ಹಿಡಿಯಾಯಿತು.

ಮರುದಿನ ಮೀಟಿಂಗ್‌ನಲ್ಲಿ ಎಲ್ಲರೆದುರು ಹೇಳಿದೆ. ಮ್ಯಾನೇಜರ್ ನಕ್ಕುಬಿಟ್ಟರು. "ಅಯ್ಯೋ, ಬಗ್ ತಾನೇ? ಬಿಡ್ರೀ, ಎಲ್ರಿಗೂ ಆಗುತ್ತೆ."

ಅವಳದೆಂದುಕೊಂಡಾಗ ತಪ್ಪು, ನನ್ನದಾದಾಗ ಬರೀ ಬಗ್. ಇಷ್ಟು ದಿನದ ಬೈಗುಳಕ್ಕಿಂತ ಆ ನಗು ಕೆಟ್ಟದಾಗಿತ್ತು. ಹೊರಗೆ ಬಂದು ಶಬಾನಾಳ ಕ್ಷಮೆ ಕೇಳಿದೆ.

"ಪರ್ವಾಗಿಲ್ಲ ಸರ್. ಕೆಲ್ಸ ಹೋಗ್ಬೋದು ಅಂತ ಅಮ್ಮೀಗೆ ಹೇಳ್ಬಿಟ್ಟಿದ್ದೆ. ಇವತ್ತ್ ಏನ್ ಹೇಳ್ಲಿ, ಬೋರ್ಡ್ ಮೊದ್ಲಿಂದ್ಲೂ ಸರಿ ಇತ್ತು ಅಂತಾನಾ?" ಎಂದಳು.

ತಡೆಯುವ ಡ್ರೈವರ್ ತಡೆದದ್ದನ್ನು ಬಾಯಿಬಿಟ್ಟು ಹೇಳಬೇಕು ಎಂಬ ಪಾಠವನ್ನು ಈಗ ಹೊಸಬರಿಗೆಲ್ಲ ಹೇಳಿಕೊಡುತ್ತೇನೆ. ಇನ್ನೊಂದನ್ನು ಯಾರಿಗೂ ಹೇಳಿಲ್ಲ. ಅವಳು ಕೇಳಿದ ದಿನ ನೋಡಲು ನನಗೆ ಹೆಚ್ಚು ಹೊತ್ತು ಬೇಕಿರಲಿಲ್ಲ. ಅದೇ ಮಾತನ್ನು ಮ್ಯಾನೇಜರ್ ಕೇಳಿದ್ದರೆ ಅಂದೇ ನೋಡಿರುತ್ತಿದ್ದೆ.