ಬೊನಿಟೊ ಮರದ ಚಕ್ಕೆ

೧೯೮೩ರಲ್ಲಿ ನಾನು ದಾಂಡೇಲಿಯ ಒಂದು ಪ್ಲೈವುಡ್ ಕಾರ್ಖಾನೆಯ ಗೆಸ್ಟ್ ಹೌಸಿನಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದೆ. ಸೇರಿ ನಾಲ್ಕು ವರ್ಷವಾಗಿದ್ದರೂ ಕೆಲಸ ಕಾಯಂ ಆಗಿರಲಿಲ್ಲ. ಅಡುಗೆಗೆ ಕೋಗಿಲಬನದ ಮರಿಯಾಬಾಯಿ ಇದ್ದಳು. ಸಿದ್ದಿ ಹೆಂಗಸು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಓದು ಬರದು. ಅವಳೊಬ್ಬಳ ದುಡಿಮೆಯಲ್ಲಿ ಮನೆಯ ಐದು ಜನ ಉಣ್ಣುತ್ತಿದ್ದರು.

ಮಳೆಗಾಲ ಮುಗಿದ ಮೇಲೆ ಹೊಸ ಯಂತ್ರ ಕೂಡಿಸಲು ಜಪಾನಿನಿಂದ ಮೊರಿತಾ ಎಂಬ ಎಂಜಿನಿಯರ್ ಬಂದರು. ಜೊತೆಗೆ ಒಂದು ಪೆಟ್ಟಿಗೆ ತುಂಬ ಅವರ ಊರಿನ ಸಾಮಾನು. ಹರಕು ಇಂಗ್ಲಿಷಿನಲ್ಲಿ ಅವರು ಹೇಳುತ್ತ ಹೋದಂತೆ ನಾನು ಚೀಟಿ ಬರೆದು ಡಬ್ಬಿಗಳಿಗೆ ಅಂಟಿಸಿದೆ. ಶೋಯು: ಸೋಯಾ ಕಾಳು ಹುಳಿಸಿ ಇಳಿಸಿದ ಕಪ್ಪು ರಸ, ಉಪ್ಪಿನ ಬದಲು. ಮಿಸೊ: ಅದೇ ಕಾಳಿನ ಮುದ್ದೆ, ಕೆಟ್ಟಿದೆಯೆಂದು ಚೆಲ್ಲಬಾರದು. ನೋರಿ: ಸಮುದ್ರದ ಸೊಪ್ಪು, ನೋಡಲು ಕಾರ್ಬನ್ ಪೇಪರು. ಉಮೆಬೋಶಿ: ಉಪ್ಪಿನಲ್ಲಿ ಹಾಕಿದ ಹುಳಿಹಣ್ಣು, ನಮ್ಮ ಮಿಡಿಗಾಯಿಯ ತಮ್ಮ.

ಕೊನೆಯ ಡಬ್ಬಿಯಲ್ಲಿ ತೆಳ್ಳಗೆ ಸುರುಳಿ ಸುತ್ತಿದ ಕಂದು ಸಿಪ್ಪೆ. ಮೊರಿತಾ ಬಡಿಗ ಮರಕ್ಕೆ ರಂದ ಹೊಡೆಯುವಂತೆ ಕೈಯಾಡಿಸಿ ತೋರಿಸಿ, "ಬೊನಿಟೊ. ಸೂಪ್" ಎಂದರು. ಸಾಗುವಾನಿ, ಮತ್ತಿ, ನಂದಿ ಎಂದು ದಿನವೂ ಮರದ ಹೆಸರನ್ನೇ ಕೇಳುವ ಕಿವಿ ನನ್ನದು. ಇದೂ ಒಂದು ಮರವೆಂದುಕೊಂಡು, 'ಬೊನಿಟೊ ಮರದ ಚಕ್ಕೆ, ಸಾರಿಗೆ ಹಾಕಲು' ಎಂದು ಬರೆದೆ.

ಒಂದು ಭಾನುವಾರ ಮಧ್ಯಾಹ್ನ ಮೊರಿತಾರ ಗೌರವಕ್ಕೆ ಊಟವಿತ್ತು. ದೊಡ್ಡ ಸಾಹೇಬರ ತಾಯಿಯೂ ಬರುವವರಿದ್ದರು, ಉಳ್ಳಾಗಡ್ಡಿ ಸಹ ಮುಟ್ಟದವರು. ಜಪಾನಿ ಸಾರೂ ಒಂದಿರಲಿ ಎಂದು ಆ ಡಬ್ಬಿ ಇಳಿಸಿಕೊಟ್ಟೆ. ಮರಿಯಾ ಮೂಸಿದಳು.

"ಅಕ್ಕಾರ, ಇದು ಚಕ್ಕಿ ಅಲ್ರೀ. ಮೀನದ ವಾಸನಿ ಬರ್ತೈತಿ."

"ಹೊಗಿ ವಾಸನಿ ಅದು. ಹೊಳಿ ದಂಡ್ಯಾಗ ಹುಟ್ಟಿದಾಕಿ, ನಿನಗ ಎಲ್ಲಾದ್ರಾಗೂ ಮೀನ ಕಾಣ್ತಾವ."

"ನಿಮಗ ಎಲ್ಲಾದ್ರಾಗೂ ಕಟಗಿ ಕಾಣ್ತೈತಿ, ಬಿಡ್ರಿ," ಎಂದು ನಕ್ಕಳು. ಆದರೂ ಡಬ್ಬಿ ಕೆಳಗಿಟ್ಟಳು. "ಒಂದ್ ಮಾತು ಆ ಜಪಾನಿ ಸಾಹೇಬರನ್ನ ಕೇಳ್ರಿ."

"ಚೀಟಿ ಬರದಾಕಿ ನಾನು. ನೀ ಹಾಕು."

ಹಾಕಿದಳು.

ಊಟದಲ್ಲಿ ತಾಯಿಯವರು ಸಾರು ಎರಡು ಸಲ ಬಡಿಸಿಕೊಂಡರು. ಮೊರಿತಾ ಬಟ್ಟಲು ಎತ್ತಿ ಕುಡಿದು, ಕಣ್ಣು ಅರಳಿಸಿ, "ಗುಡ್! ಗುಡ್ ಫಿಶ್!" ಎಂದು ಅಂಗೈಯನ್ನು ಮೀನಿನಂತೆ ಆಡಿಸಿ ತೋರಿಸಿದರು. ತಾಯಿಯವರು ಬಚ್ಚಲಿಗೆ ಓಡಿದರು.

ಸಾಹೇಬರು ಅಡುಗೆಮನೆಗೆ ಬಂದು, "ಯಾರು ಮಾಡಿದ್ದು?" ಎಂದರು.

"ನಾನ್ರೀ," ಎಂದು ಮರಿಯಾ ನನ್ನ ಕಡೆ ನೋಡಿದಳು.

"ಮೀನು ತಿನ್ನೋಳಿಗೆ ಮೀನು ಗೊತ್ತಾಗಲಿಲ್ವಾ? ಬೇಕಂತಲೇ ಹಾಕಿದೀಯ."

ಡಬ್ಬಿ ನನ್ನ ಕೈಯಲ್ಲೇ ಇತ್ತು. ಚೀಟಿಯಿದ್ದ ಬದಿ ಕಾಣದಂತೆ ಸೆರಗಿಗೆ ಒತ್ತಿ ಹಿಡಿದೆ. ಅಂದೇ ಅವಳ ಕೆಲಸ ಹೋಯಿತು.

ಹೊರಡುವಾಗ ಹಿತ್ತಲ ಬಾಗಿಲಲ್ಲಿ ಅವಳು ಬೈಯಲಿಲ್ಲ. "ಅಕ್ಕಾರ, ನನಗ ಓದಾಕ ಬರೂದಿಲ್ಲ ಅಂತ ನಿಮ್ಮ ಮಾತು ಕೇಳಿದೆ. ನಿಮಗ ಮಾತಾಡಾಕ ಬರ್ತಿತ್ತಲ್ರೀ?" ಎಂದಳು.

ಬೊನಿಟೊ ಎಂದರೆ ಹೊಗೆಯಲ್ಲಿ ಒಣಗಿಸಿ, ಕಟ್ಟಿಗೆಯಷ್ಟು ಗಟ್ಟಿ ಮಾಡಿ, ರಂದ ಹೊಡೆಯುವ ಮೀನು ಎಂದು ಮರುದಿನ ಮೊರಿತಾ ಚಿತ್ರ ಬರೆದು ತೋರಿಸಿದರು. ಹಳೆಯ ಚೀಟಿ ಕಿತ್ತು 'ಮೀನು' ಎಂದು ದಪ್ಪಕ್ಷರದಲ್ಲಿ ಬರೆದೆ.

ಮುಂದಿನ ವರ್ಷ ನನ್ನ ಕೆಲಸ ಕಾಯಂ ಆಯಿತು. ಬರೆದದ್ದಕ್ಕಿಂತ ಮೊದಲು ಮೂಗಿನ ಮಾತು ಕೇಳಬೇಕು ಎಂದು ಆಮೇಲೆ ಬಂದ ಅಡುಗೆಯವರಿಗೆಲ್ಲ ಹೇಳಿಕೊಟ್ಟೆ. ಅದು ನನ್ನ ಅನುಭವದ ಮಾತೆಂದು ಅವರು ತಲೆಯಾಡಿಸುತ್ತಿದ್ದರು. ಆ ಮೂಗು ಯಾರದೆಂದು ಆಗಲೂ ನಾನು ಹೇಳಲಿಲ್ಲ.