ಬಲ ಭುಜ ಮೊದಲು

ಫರೀದಾಬಾದಿನ ತಂಗಿಗೆ ಆಪರೇಷನ್ ಆಗಿದೆಯೆಂದು ನೋಡಲು ಬಂದೆ. ಆಸ್ಪತ್ರೆಯಲ್ಲಿ ಅವಳ ಪಕ್ಕದ ಮಂಚದ ಮೇಲೆ ನನ್ನ ಪ್ರಾಯದ ಒಬ್ಬ ಬಿಳಿ ಮುದುಕಿ. ಎದೆ ಕೊಯ್ಯುವ ಮೊದಲು ಅವಳಿಗೆ ಪಾದ್ರಿ ಬೇಕಂತೆ. ಬಾರದಿದ್ದರೆ ಒಳಗೆ ಹೋಗುವುದಿಲ್ಲವೆಂದು ಮಂಚದ ಸರಳು ಹಿಡಿದು ಕೂತಿದ್ದಳು.

ನರ್ಸ್ ಲಿಸ್ಸಿ ಕೇರಳದವಳು, ಮಂಗಳೂರಿನಲ್ಲಿ ಓದಿದವಳು. ರಷ್ಯಾದವಳಾ ಎಂದು ನಾನು ಕೇಳಿದ್ದಕ್ಕೆ, ಮುದುಕಿಯ ಮಗಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನಗೆ ಕನ್ನಡದಲ್ಲಿ ಹೇಳಿದಳು.

"ರಷ್ಯಾದವರಲ್ಲವಂತೆ ಅಮ್ಮಾ. ಊರು ಉಕ್ರೇನಿನ ಬೆಟ್ಟದ ಕಡೆ, ಆದರೆ ಇವರು ರುಥೇನಿಯನ್ ಜನ. ಭಾಷೆಗೆ 'ನಮ್ಮ ಮಾತು' ಅಂತಲೇ ಹೇಳೋದಂತೆ. ನಮ್ಮ ಕ್ಯಾಥೊಲಿಕರ ಹಾಗೆ ಪೋಪರನ್ನು ಒಪ್ಪುತ್ತಾರೆ, ಪೂಜೆಯ ಕ್ರಮ ಮಾತ್ರ ಬೇರೆ."

ಲಿಸ್ಸಿ ತನ್ನ ಇಗರ್ಜಿಯ ಪಾದ್ರಿಯನ್ನೇ ಕರೆಸಿದಳು. ಮುದುಕಿ ಅವರನ್ನು ಮೇಲಿಂದ ಕೆಳಗೆ ನೋಡಿ ಏನೋ ಕೇಳಿದಳು. ಮಗಳ ಮುಖ ಕೆಂಪಾಯಿತು.

"ಹೆಂಡತಿ ಎಲ್ಲಿ ಅಂತ ಕೇಳ್ತಿದ್ದಾರೆ," ಎಂದಳು ಲಿಸ್ಸಿ. "ಅವರ ಪಾದ್ರಿಗಳಿಗೆ ಸಂಸಾರ ಇರುತ್ತಂತೆ."

"ನಮ್ಮ ಭಟ್ಟರಿಗೂ ಉಂಟಲ್ಲ. ಕೇಳಿದರೆ ತಪ್ಪೇನು?" ಎಂದೆ.

ಪಾದ್ರಿ ನಕ್ಕು, ಹೆಂಡತಿ ಇಲ್ಲ, ಊರಲ್ಲಿ ಅಮ್ಮ ಇದ್ದಾಳೆ, ಸಾಕಾ ಎಂದು ಮಗಳ ಮೂಲಕ ಕೇಳಿಸಿದರು. ಮುದುಕಿ ಸರಳು ಬಿಡಲಿಲ್ಲ.

ಅವರು ಕಣ್ಣು ಮುಚ್ಚಿ ಶಿಲುಬೆಯ ಗುರುತು ಮಾಡತೊಡಗಿದರು. ಹಣೆ, ಎದೆ, ಎಡ ಭುಜ. ಅಷ್ಟರಲ್ಲಿ ಮುದುಕಿ ಒಂದು ಕೈಯಿಂದ ಅವರ ಕೈ ಹಿಡಿದು ನಿಲ್ಲಿಸಿದಳು. ಆ ಕೈಯನ್ನು ಮೊದಲು ಬಲ ಭುಜಕ್ಕೆ, ಆಮೇಲೆ ಎಡಕ್ಕೆ ಮುಟ್ಟಿಸಿದಳು, ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ. ಅವರು ಮೊದಲಿನಿಂದ ಅವಳ ಕ್ರಮದಲ್ಲೇ ಮಾಡಿದರು.

ಮುದುಕಿ ಸರಳು ಬಿಟ್ಟು ಮಲಗಿದಳು.

"ಚಲೋ ಭಯ್ಯಾ," ಎಂದು ಲಿಸ್ಸಿ ಸ್ಟ್ರೆಚರ್ ತಳ್ಳುವವನನ್ನು ಕರೆದಳು.